ಕರುಳಿನ ಬಾಗಿಲು

'ಕರುಳು' ಎಂಬುದು ಕನ್ನಡದಲ್ಲಿ ಬರಿಯ ಅಂಗವೊಂದರ ಹೆಸರಲ್ಲ. ಮಕ್ಕಳನ್ನು ನಾವು ಕರುಳಿನ ಕುಡಿ ಎನ್ನುತ್ತೇವೆ. ಅವುಗಳ ನೋವು ಕಂಡರೆ ನಮ್ಮ ಕರುಳು ಚುರುಕ್ಕೆನ್ನುತ್ತದೆ. ಅಗಲಿದರೆ ಕರುಳು ಕಿತ್ತುಬಂದಂತಾಗುತ್ತದೆ. ಅನ್ನ ಅರಗುವ ಜಾಗಕ್ಕೂ ಅಕ್ಕರೆ ಹುಟ್ಟುವ ಜಾಗಕ್ಕೂ ಒಂದೇ ಹೆಸರನ್ನಿಟ್ಟ ನಮ್ಮ ಹಿರಿಯರು ತಿಳಿದೇ ಹಾಗೆ ಮಾಡಿರಬೇಕು. ನಾನು ಇಂದು ಹೇಳಹೊರಟಿರುವುದು ಈ ಎರಡೂ ಅರ್ಥದ ಕರುಳಿನ ವಿಷಯ. ಜೀವಮಾನವೆಲ್ಲ ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ವೈದ್ಯವಿಜ್ಞಾನದ ಗೊಡವೆ ಏಕೆ ಎಂದು ನೀವು ಕೇಳಬಹುದು. ಕಾರಣವನ್ನು ಮೊದಲೇ ಹೇಳಿಬಿಡುವುದು ಮೇಲು.

ಕೆಲವು ವರ್ಷಗಳ ಹಿಂದೆ, ಒಂದು ಚಳಿಗಾಲದಲ್ಲಿ, ಹನ್ನೊಂದು ತಿಂಗಳ ನನ್ನ ಮೊಮ್ಮಗಳಿಗೆ ಇದ್ದಕ್ಕಿದ್ದಂತೆ ವಾಂತಿ ಹಿಡಿಯಿತು. ಮರುದಿನ ನೀರಿನಂತೆ ಭೇದಿ. ಸಂಜೆಯ ಹೊತ್ತಿಗೆ ಕಣ್ಣು ಗುಳಿಬಿದ್ದು, ಅಳುವುದಕ್ಕೂ ತ್ರಾಣವಿಲ್ಲದೆ ಮಗು ತಾಯಿಯ ಹೆಗಲ ಮೇಲೆ ಒರಗಿಬಿಟ್ಟಿತ್ತು. ಆಸ್ಪತ್ರೆಯಲ್ಲಿ ಎರಡು ದಿನ ಇದ್ದು ಗುಣವಾಗಿ ಬಂದಳೆನ್ನಿ. ಆದರೆ ಪರೀಕ್ಷೆಯಲ್ಲಿ ತಿಳಿದದ್ದು, ಅದು ರೋಟಾ ಎಂಬ ವೈರಾಣುವಿನ ಸೋಂಕು ಎಂದು. ನಮಗೆಲ್ಲ ಆಶ್ಚರ್ಯವಾಯಿತು. ಏಕೆಂದರೆ ಆರನೆಯ, ಹತ್ತನೆಯ, ಹದಿನಾಲ್ಕನೆಯ ವಾರಗಳಲ್ಲಿ, ಒಂದನ್ನೂ ತಪ್ಪಿಸದೆ, ಆ ಮಗುವಿಗೆ ರೋಟಾ ಲಸಿಕೆಯನ್ನು ಬಾಯಿಗೆ ಹಾಕಿಸಿತ್ತು.

ಮನೆಗೆ ಬಂದ ದಿನ ರಾತ್ರಿ ನನ್ನ ಸೊಸೆ ಮೆಲ್ಲಗೆ ಹೇಳಿದಳು: “ಮಾವ, ಲಸಿಕೆ ಹಾಕಿಸೋ ಮುಂಚೆ ನಾನು ಹಾಲು ಕುಡಿಸಿಬಿಟ್ಟಿದ್ದೆ. ಅದಕ್ಕೇ ಹೀಗಾಯ್ತೇನೋ. ಇಲ್ಲಾ, ನನ್ನ ಹಾಲೇ ಸರಿಯಿಲ್ಲವೇನೋ.” ಮಾರನೆಯ ದಿನ ನೋಡಲು ಬಂದ ನೆರೆಮನೆಯಾಕೆ ಹೇಳಿದ್ದು ಬೇರೆ ಮಾತು: “ಹಾಕಿಸಿದ್ದಕ್ಕೂ ಬಂತಲ್ಲ! ಹಾಗಾದ್ರೆ ನಮ್ಮ ಕೂಸಿಗೆ ಹಾಕಿಸೋದೇ ಬೇಡ ಬಿಡಿ.” ಒಬ್ಬಳು ತಪ್ಪನ್ನು ತನ್ನ ಮೇಲೆ ಎಳೆದುಕೊಂಡಳು, ಇನ್ನೊಬ್ಬಳು ಲಸಿಕೆಯ ಮೇಲೆ ಹೊರಿಸಿದಳು. ಇಬ್ಬರ ಮಾತೂ ನನ್ನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿಯಿತು.

ಉಳಿಯಲು ಹಳೆಯದೊಂದು ಕಾರಣವೂ ಇತ್ತು. 1966ರ ಬೇಸಿಗೆಯಲ್ಲಿ, ನಾನು ಒಂಬತ್ತು ವರ್ಷದವನಿದ್ದಾಗ, ಒಂದು ವರ್ಷ ತುಂಬದ ನನ್ನ ತಮ್ಮ ಹೀಗೆಯೇ ವಾಂತಿಭೇದಿಯಾಗಿ ಮೂರನೆಯ ದಿನ ತೀರಿಕೊಂಡ. ಭೇದಿಯಾದ ಕೂಸಿಗೆ ನೀರು ಕೊಡಬಾರದು, ಕೊಟ್ಟರೆ ಹೆಚ್ಚುತ್ತದೆ ಎಂದು ಮನೆಯ ದೊಡ್ಡವರು ತಡೆದಿದ್ದರು. ಅದಕ್ಕೆ ಯಾವ ರೋಗಾಣು ಕಾರಣವೆಂದು ಇಂದು ಯಾರೂ ಹೇಳಲಾರರು. ಆದರೆ ನಮ್ಮ ತಾಯಿಯ ಹಾಲು ಕೂಸಿಗೆ ಆಗಿಬರಲಿಲ್ಲ ಎಂದು ಆಗ ಯಾರೋ ಅಂದ ಮಾತು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಎಪ್ಪತ್ತು ದಾಟಿದ ಮೇಲೂ, ಯಾವುದೋ ಮಾತಿನ ನಡುವೆ, “ನನ್ನ ಎದೆಹಾಲೇ ಆ ಕಂದನಿಗೆ ವಿಷವಾಯ್ತು” ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಸೊಸೆಯ ಬಾಯಲ್ಲಿ ಅದೇ ಮಾತು ಬಂದಾಗ ನನಗೆ ಸುಮ್ಮನಿರಲಾಗಲಿಲ್ಲ.

ಮೊಮ್ಮಗಳನ್ನು ನೋಡಿಕೊಂಡ ಮಕ್ಕಳ ವೈದ್ಯರು ಪಿ.ಯು.ಸಿ.ಯಲ್ಲಿ ನನ್ನಲ್ಲಿ ಕನ್ನಡ ಓದಿದವರು. ನನ್ನ ಪ್ರಶ್ನೆಯನ್ನು ಕೇಳಿ ಅವರು ನಕ್ಕು, “ಸಾರ್, ಒಂದೇ ಕಾವ್ಯದ ಬೇರೆ ಬೇರೆ ಓಲೆಪ್ರತಿಗಳಲ್ಲಿ ಪಾಠಾಂತರ ಇರುತ್ತೆ ಅಂತ ನೀವೇ ಹೇಳಿದ್ದಿರಲ್ಲ. ಮಕ್ಕಳ ಕರುಳಲ್ಲೂ ಪಾಠಾಂತರ ಇದೆ” ಎಂದರು. ಅಂದು ಅವರು ತೋರಿಸಿದ ಜಾಡನ್ನು ಹಿಡಿದು ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಈ ವೈರಾಣುವಿನ ಪರಿಚಯ ಆಗಲಿ. ಮಕ್ಕಳ ಭೇದಿಯಲ್ಲಿ ಬಹುಪಾಲಿಗೆ ಕಾರಣವೇನೆಂದು 1970ರವರೆಗೂ ವೈದ್ಯರಿಗೆ ಗೊತ್ತಿರಲಿಲ್ಲ. 1973ರಲ್ಲಿ ಆಸ್ಟ್ರೇಲಿಯದ ಮೆಲ್ಬರ್ನ್ ನಗರದಲ್ಲಿ ರೂತ್ ಬಿಷಪ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಭೇದಿಯಿಂದ ನರಳುತ್ತಿದ್ದ ಮಕ್ಕಳ ಸಣ್ಣ ಕರುಳಿನ ಒಳಪದರದ ಚೂರನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ನೋಡಿದರು. ಅಲ್ಲಿ ದುಂಡಗಿನ ಕಣಗಳು ಕಿಕ್ಕಿರಿದಿದ್ದವು. ಮಿಲಿಮೀಟರನ್ನು ಹತ್ತು ಸಾವಿರ ಭಾಗ ಮಾಡಿದರೆ ಅದರ ಒಂದು ಭಾಗದಷ್ಟು ಗಾತ್ರ. ಅರೆಕಾಲುಗಳುಳ್ಳ ಬಂಡಿಯ ಗಾಲಿಯ ಆಕಾರ. ಲ್ಯಾಟಿನ್ ಭಾಷೆಯಲ್ಲಿ ರೋಟಾ ಎಂದರೆ ಗಾಲಿ. ಆ ಹೆಸರೇ ನಿಂತಿತು. ಲಸಿಕೆ ಬರುವ ಮೊದಲು ಐದು ವರ್ಷ ತುಂಬುವುದರೊಳಗೆ ಈ ಸೋಂಕಿಗೆ ಒಮ್ಮೆಯಾದರೂ ಸಿಗದ ಮಗು ಲೋಕದಲ್ಲಿಯೇ ಇರಲಿಲ್ಲ ಎನ್ನಬಹುದು. ಅರಮನೆಯ ಕೂಸಿಗೂ ಬರುತ್ತಿತ್ತು, ಗುಡಿಸಲಿನ ಕೂಸಿಗೂ ಬರುತ್ತಿತ್ತು. ಸಾಯುತ್ತಿದ್ದುದು ಮಾತ್ರ ಹೆಚ್ಚಾಗಿ ಗುಡಿಸಲಿನ ಕೂಸು. 2000ದಲ್ಲಿ ಲೋಕದಾದ್ಯಂತ ಐದು ವರ್ಷದೊಳಗಿನ 5 ಲಕ್ಷಕ್ಕೂ ಹೆಚ್ಚು ಮಕ್ಕಳು ಇದರಿಂದ ಸತ್ತರೆಂದು ಅಂದಾಜು. 2013ರ ಹೊತ್ತಿಗೆ ಆ ಸಂಖ್ಯೆ ಸುಮಾರು 2 ಲಕ್ಷ 15 ಸಾವಿರಕ್ಕೆ ಇಳಿಯಿತು.

ವೈರಾಣುವೊಂದು ಜೀವಕೋಶದೊಳಗೆ ಹೋಗಬೇಕಾದರೆ ಅದಕ್ಕೊಂದು ಹಿಡಿ ಬೇಕು. ಬಾಗಿಲಿನ ಚಿಲಕ ಕೈಗೆ ಸಿಕ್ಕಿದರಲ್ಲವೆ ಕದ ತೆರೆಯುವುದು? ನಮ್ಮ ಕರುಳಿನ ಒಳಗೋಡೆಯ ಮೇಲೆ ಅಂಥ ಚಿಲಕಗಳು ಲೆಕ್ಕವಿಲ್ಲದಷ್ಟಿವೆ. ಅವು ಸಕ್ಕರೆಯ ಅಣುಗಳು ಕೊಂಡಿ ಕೊಂಡಿಯಾಗಿ ಸೇರಿದ ಸಣ್ಣ ಸಣ್ಣ ಸರಗಳು. ಈ ಸರಗಳು ನಮಗೆ ಇನ್ನೊಂದು ಕಡೆಯಿಂದ ಪರಿಚಿತವೇ ಆಗಿವೆ. 1901ರಲ್ಲಿ ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್ ಮನುಷ್ಯರ ರಕ್ತವನ್ನು ಗುಂಪುಗಳಾಗಿ ವಿಂಗಡಿಸಿದರಷ್ಟೆ. ಎ, ಬಿ, ಓ ಎಂಬ ಆ ಭೇದಕ್ಕೆ ಕಾರಣ ರಕ್ತಕಣದ ಮೈಮೇಲಿರುವ ಇಂಥ ಸಕ್ಕರೆಯ ಸರಗಳ ತುದಿಯಲ್ಲಿನ ಅಂತರ. ಇವು ರಕ್ತದಲ್ಲಿ ಮಾತ್ರವಲ್ಲ, ಬಹುಮಂದಿಯ ಜೊಲ್ಲಿನಲ್ಲಿ, ತಾಯಿಯ ಹಾಲಿನಲ್ಲಿ, ಕರುಳಿನ ಒಳಪದರದ ಮೇಲೆ ಕೂಡ ಇರುತ್ತವೆ.

ಬಹುಮಂದಿಯಲ್ಲಿ ಎಂದೆ, ಎಲ್ಲರಲ್ಲೂ ಅಲ್ಲ. ಕೆಲವರ ರಕ್ತದಲ್ಲಿ ಈ ಸರಗಳಿದ್ದರೂ ಜೊಲ್ಲಿನಲ್ಲಾಗಲಿ ಕರುಳಿನಲ್ಲಾಗಲಿ ಕಾಣಸಿಗುವುದಿಲ್ಲ. ಮೊದಲನೆಯವರನ್ನು ಸ್ರಾವಿಗಳೆಂದೂ ಎರಡನೆಯವರನ್ನು ಅಸ್ರಾವಿಗಳೆಂದೂ ಕರೆಯೋಣ. ಸ್ರಾವಿಯಾಗುವುದು ತಂದೆತಾಯಿಗಳಿಂದ ಇಳಿದುಬರುವ ಗುಣವೆಂದು 1932ರಲ್ಲಿಯೇ ತಿಳಿದಿತ್ತು. ಇದು ಮಗುವಿನ ಆರೋಗ್ಯಕ್ಕೆ ಸಂಬಂಧಪಟ್ಟದ್ದೆಂದು ತಿಳಿಯಲು ಮಾತ್ರ ಇನ್ನೂ ಎಪ್ಪತ್ತು ವರ್ಷ ಹಿಡಿಯಿತು.

ಈ ಭೇದ ಹೇಗೆ ಉಂಟಾಯಿತೆಂಬುದೇ ನನ್ನಂಥವನಿಗೆ ರುಚಿಸಿದ ಸಂಗತಿ. ವಂಶವಾಹಿಯೆಂಬುದು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥ. ತಲೆಮಾರಿನಿಂದ ತಲೆಮಾರಿಗೆ ಅದು ಪ್ರತಿಯಾಗುತ್ತ ಬರುತ್ತದೆ. ಓಲೆಗರಿಗಳನ್ನು ನಕಲು ಮಾಡುವ ಲಿಪಿಕಾರನಂತೆ ಪ್ರಕೃತಿಯೂ ಎಲ್ಲೋ ಒಂದು ಕಡೆ ಒಂದಕ್ಷರವನ್ನು ಬದಲಿಸಿಬಿಡುತ್ತದೆ. ಕರುಳಿನಲ್ಲಿ ಈ ಸಕ್ಕರೆಯ ಸರವನ್ನು ಕಟ್ಟುವ ವಂಶವಾಹಿಗೆ ಎಫ್‌.ಯು.ಟಿ. 2 ಎಂದು ಹೆಸರು. ಅದರ 428ನೆಯ ಅಕ್ಷರ ಜಿ ಇರಬೇಕಾದ ಕಡೆ ಕೆಲವರಲ್ಲಿ ಎ ಇದೆ. ಒಂದೇ ಅಕ್ಷರ. ಆದರೆ ಆ ಬದಲಾವಣೆಯಿಂದ ಅಲ್ಲಿ ಪೂರ್ಣವಿರಾಮದ ಚಿಹ್ನೆ ಬಿದ್ದಂತಾಗುತ್ತದೆ. ಮುನ್ನೂರಕ್ಕೂ ಹೆಚ್ಚು ಕೊಂಡಿಗಳಿರಬೇಕಾದ ಪ್ರೋಟೀನು 143ನೆಯ ಕೊಂಡಿಯ ಬಳಿ, ಅರ್ಧ ವಾಕ್ಯದಲ್ಲೇ, ನಿಂತುಬಿಡುತ್ತದೆ. ತಂದೆಯಿಂದ ಬಂದ ಪ್ರತಿ, ತಾಯಿಯಿಂದ ಬಂದ ಪ್ರತಿ ಎರಡರಲ್ಲೂ ಹೀಗಾಗಿದ್ದರೆ ಆ ಮಗು ಅಸ್ರಾವಿ. ಒಂದು ಪ್ರತಿ ನೆಟ್ಟಗಿದ್ದರೂ ಸಾಕು, ಸ್ರಾವಿ. ಯೂರೋಪಿನ ಜನರಲ್ಲಿ ಸ್ಥೂಲವಾಗಿ ಐವರಲ್ಲೊಬ್ಬರು ಅಸ್ರಾವಿಗಳು. ನಮ್ಮ ದಕ್ಷಿಣ ಏಷ್ಯದಲ್ಲೂ ಅವರ ಸಂಖ್ಯೆ ಅದಕ್ಕೇನೂ ಕಡಿಮೆಯಿಲ್ಲ. ಚೀನ ಜಪಾನುಗಳಲ್ಲಿ ಹೆಚ್ಚಾಗಿ ಕಾಣುವುದು ಬೇರೊಂದು ಪಾಠಾಂತರ: ಅಲ್ಲಿ 385ನೆಯ ಅಕ್ಷರ ಬದಲಾಗಿದೆ, ವಾಕ್ಯ ನಿಲ್ಲುವುದಿಲ್ಲ, ಆದರೆ ಅರ್ಥ ದುರ್ಬಲವಾಗುತ್ತದೆ.

ಇದರ ಜೊತೆಗೆ ಇನ್ನೊಂದು ವಂಶವಾಹಿಯೂ ಉಂಟು. ಸರದ ಮೇಲೆ ಲೂಯಿಸ್ ಎಂಬ ಮತ್ತೊಂದು ಸಕ್ಕರೆಯ ಗುರುತನ್ನು ಸೇರಿಸುವುದು ಅದರ ಕೆಲಸ. ಅದೂ ಕೆಲವರಲ್ಲಿ ಕೆಲಸ ಮಾಡುವುದಿಲ್ಲ. ಹಾಗೆ ಲೂಯಿಸ್ ಗುರುತಿಲ್ಲದವರು ಯೂರೋಪಿನಲ್ಲಿ ವಿರಳ, ಆಫ್ರಿಕದಲ್ಲಿ ಹೆಚ್ಚು.

ಈಗ ಮುಖ್ಯ ವಿಷಯಕ್ಕೆ ಬರೋಣ. ಬಾಗಿಲಿನ ಚಿಲಕವೇ ಮನೆಯಿಂದ ಮನೆಗೆ ಬೇರೆಯಾದರೆ ಕಳ್ಳನ ಗತಿ ಏನು? ಮೊದಲ ಸಾಕ್ಷ್ಯ ದೊರೆತದ್ದು ರೋಟಾದ ವಿಷಯದಲ್ಲಲ್ಲ. 1968ರಲ್ಲಿ ಅಮೆರಿಕದ ಓಹಾಯೊ ಪ್ರಾಂತದ ನಾರ್‌ವಾಕ್ ಎಂಬ ಊರಿನ ಶಾಲೆಯೊಂದರಲ್ಲಿ ವಾಂತಿಭೇದಿ ಹಬ್ಬಿತು. ಅದರ ಕಾರಣವಾದ ವೈರಾಣುವನ್ನು 1972ರಲ್ಲಿ ಕಂಡುಹಿಡಿದು ಆ ಊರಿನ ಹೆಸರನ್ನೇ ಇಟ್ಟರು. ತಾವಾಗಿ ಒಪ್ಪಿ ಮುಂದೆ ಬಂದ ವಯಸ್ಕರಿಗೆ ಈ ವೈರಾಣುವನ್ನು ಕುಡಿಸಿ ನೋಡಿದಾಗ ಕೆಲವರಿಗೆ ಎಷ್ಟು ಕೊಟ್ಟರೂ ಸೋಂಕೇ ತಗಲುತ್ತಿರಲಿಲ್ಲ. ಅವರು ಅಸ್ರಾವಿಗಳೆಂದು 2003ರಲ್ಲಿ ಸ್ಪಷ್ಟವಾಯಿತು. ಅವರ ಕರುಳಿನಲ್ಲಿ ಆ ವೈರಾಣುವಿನ ಕೈಗೆ ಸಿಗುವ ಚಿಲಕವೇ ಇರಲಿಲ್ಲ.

ರೋಟಾದ ಕಥೆ ಇನ್ನೂ ಸ್ವಾರಸ್ಯವಾದದ್ದು. ರೋಟಾ ವೈರಾಣುವಿನ ಮೈಮೇಲೆ ಮುಳ್ಳುಗಳಂಥ ಪ್ರೋಟೀನುಗಳಿವೆ. ಕರುಳಿನ ಚಿಲಕ ಹಿಡಿಯುವ ಕೈಗಳು ಅವೇ. ಈ ಕೈಗಳಲ್ಲೂ ಹಲವು ಜಾತಿ. ವಿಜ್ಞಾನಿಗಳು ಅವುಗಳಿಗೆ ಪಿ-4, ಪಿ-6, ಪಿ-8 ಎಂದು ಸಂಖ್ಯೆ ಕೊಟ್ಟಿದ್ದಾರೆ. ಲೋಕದಲ್ಲಿ ಹೆಚ್ಚಾಗಿ ಓಡಾಡುವುದು ಪಿ-8. ಆಫ್ರಿಕದಲ್ಲಿ ಪಿ-6 ಕೂಡ ಸಾಕಷ್ಟಿದೆ. ಪಶ್ಚಿಮ ಆಫ್ರಿಕದ ಬುರ್ಕಿನಾ ಫಾಸೊ, ಮಧ್ಯ ಅಮೆರಿಕದ ನಿಕರಾಗುವ ಎಂಬ ಎರಡು ದೇಶಗಳ ಮಕ್ಕಳನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪಿ-8 ಸೋಂಕು ತಗಲಿದ್ದುದು ಸ್ರಾವಿಗಳೂ ಲೂಯಿಸ್ ಗುರುತುಳ್ಳವರೂ ಆದ ಮಕ್ಕಳಿಗೆ ಮಾತ್ರ. ಬುರ್ಕಿನಾ ಫಾಸೊದಲ್ಲಿ ಪಿ-6 ತಗಲಿದ್ದುದು ಮುಖ್ಯವಾಗಿ ಲೂಯಿಸ್ ಗುರುತಿಲ್ಲದವರಿಗೆ. ಒಂದೊಂದು ಜಾತಿಯ ಕಳ್ಳನಿಗೆ ಒಂದೊಂದು ಬಗೆಯ ಚಿಲಕ! ಇದು ಎಲ್ಲೆಡೆಯೂ ಇಷ್ಟು ಕಟ್ಟುನಿಟ್ಟಾಗಿ ನಡೆಯುವುದಿಲ್ಲವೆಂಬುದೂ ನಿಜ; ಬೇರೆ ದೇಶಗಳಲ್ಲಿ ಅಸ್ರಾವಿ ಮಕ್ಕಳಿಗೂ ಪಿ-8 ತಗಲಿದ್ದುಂಟು. ಆದರೆ ಒಟ್ಟು ಒಲವು ಇದೇ.

ಹಾಗಾದರೆ ಅಸ್ರಾವಿ ಮಕ್ಕಳು ಅದೃಷ್ಟವಂತರು, ಲಸಿಕೆಗೂ ಇದಕ್ಕೂ ಏನು ಸಂಬಂಧ ಎನ್ನುವಿರಾ? ಸಂಬಂಧ ಇಲ್ಲಿದೆ. ರೋಟಾ ಲಸಿಕೆಯೆಂದರೆ ಸತ್ತ ವೈರಾಣುವಲ್ಲ. ಹಲ್ಲು ಕಿತ್ತ ಹಾವಿನಂತೆ ಶಕ್ತಿ ಕುಂದಿಸಿದ ಜೀವಂತ ವೈರಾಣು. ಅದು ಮಗುವಿನ ಕರುಳಿನೊಳಗೆ ಹೊಕ್ಕು, ಅಲ್ಲಿ ಒಂದಿಷ್ಟು ಬೆಳೆದರೆ ಮಾತ್ರ ದೇಹ ಅದನ್ನು ಗುರುತಿಟ್ಟುಕೊಂಡು ಮುಂದಿನ ಯುದ್ಧಕ್ಕೆ ಸಿದ್ಧವಾಗುತ್ತದೆ. 2004ರಿಂದ ಬಳಕೆಗೆ ಬಂದ ರೋಟಾರಿಕ್ಸ್ ಎಂಬ ಲಸಿಕೆಯ ವೈರಾಣು ಪಿ-8 ಜಾತಿಯದು. ಅದೂ ಅದೇ ಚಿಲಕವನ್ನು ಹುಡುಕುತ್ತದೆ. ಕಳ್ಳನಿಗೆ ತೆರೆಯದ ಬಾಗಿಲು, ಪಾಠ ಹೇಳಲು ಬಂದ ಗುರುವಿಗೂ ತೆರೆಯದು. ಪಾಕಿಸ್ತಾನದಲ್ಲಿ ಈ ಲಸಿಕೆ ಪಡೆದ ಶಿಶುಗಳಲ್ಲಿ ಅಸ್ರಾವಿಗಳಿಗೆ ರೋಗನಿರೋಧಕ ಪ್ರತಿಕ್ರಿಯೆ ಕಡಿಮೆ ಎಂದು 2017ರಲ್ಲಿ ವರದಿಯಾಯಿತು. ಆ ಮಗು ಪಿ-8ರಿಂದ ತಾನಾಗಿಯೇ ಕ್ಷೇಮವಾಗಿರಬಹುದು. ಆದರೆ ಅದರ ಊರಿನಲ್ಲಿ ಬೇರೆ ಚಿಲಕ ಹಿಡಿಯುವ ಪಿ-6 ಓಡಾಡುತ್ತಿದ್ದರೆ? ಗುರು ಬರಲಿಲ್ಲ, ಕಳ್ಳ ಬಂದ ಎಂಬಂತಾಗುತ್ತದೆ.

ಲಸಿಕೆ ಶೇಕಡಾ ಇಷ್ಟು ಪರಿಣಾಮಕಾರಿ ಎಂದು ನಾವು ಓದುವ ಅಂಕಿಯ ಒಳಗೆ ಏನಿದೆಯೆಂಬುದಕ್ಕೆ ಢಾಕಾ ನಗರದ ಒಂದು ಅಧ್ಯಯನ ಒಳ್ಳೆಯ ಪಾಠ. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಲಸಿಕೆ ಹಾಕಿಸದ ಮಕ್ಕಳನ್ನು ಮೊದಲು ನೋಡಿದರು. ಅವರಲ್ಲಿ ಅಸ್ರಾವಿಗಳಿಗೆ ರೋಟಾ ಭೇದಿ ಬರುವ ಸಂಭವ ಸ್ರಾವಿಗಳಿಗಿಂತ ಸುಮಾರು ಅರ್ಧದಷ್ಟೇ ಇತ್ತು. ಆದುದರಿಂದ ಲಸಿಕೆ ಹಾಕಿಸಿದ ಅಸ್ರಾವಿಗಳನ್ನು ಹಾಕಿಸದ ಅಸ್ರಾವಿಗಳೊಡನೆ ಹೋಲಿಸಿದಾಗ ಲಸಿಕೆಯ ಪ್ರಯೋಜನ ಸಣ್ಣದಾಗಿ ಕಂಡಿತು. ಇದನ್ನು ಅಧ್ಯಾಪಕನ ಮಾತಿನಲ್ಲಿ ಹೀಗೆ ಹೇಳಬಹುದು. ಮನೆಪಾಠಕ್ಕೆ ಬರದಿದ್ದರೂ ತೇರ್ಗಡೆಯಾಗುವ ಹುಡುಗರನ್ನೇ ತರಗತಿಗೆ ತುಂಬಿಕೊಂಡ ಮೇಷ್ಟ್ರಿಗೆ ತನ್ನ ಪಾಠದಿಂದ ಎಷ್ಟು ಮಂದಿ ತೇರ್ಗಡೆಯಾದರೆಂದು ತೋರಿಸುವುದು ಕಷ್ಟ. ಪಾಠ ಕೆಟ್ಟದ್ದೆಂದು ಅದರ ಅರ್ಥವಲ್ಲ. ಲಸಿಕೆಯ ಶೇಕಡಾವಾರು ಎಂಬುದು ಔಷಧದ ಸೀಸೆಯೊಳಗಿರುವ ಗುಣವಲ್ಲ. ವೈರಾಣು, ಮಗು, ಊರು ಈ ಮೂರೂ ಕೂಡಿದಾಗ ಹುಟ್ಟುವ ಲೆಕ್ಕ. ಆಫ್ರಿಕದ ಮಲಾವಿಯಲ್ಲೂ ಲಸಿಕೆ ಹಾಕಿಸಿದ ಮೇಲೆ ರೋಟಾ ಭೇದಿಗೆ ಸಿಕ್ಕ ಮಕ್ಕಳಲ್ಲಿ ಅಸ್ರಾವಿಗಳ ಪಾಲು ಕಡಿಮೆಯೇ ಇತ್ತೆಂದು 2019ರಲ್ಲಿ ತಿಳಿದುಬಂತು.

ಇದೇ ಮಲಾವಿಯ ಇನ್ನೊಂದು ಲೆಕ್ಕವನ್ನು ನಾನು ನೆರೆಮನೆಯಾಕೆಗೆ ಹೇಳಿದೆ, ನಿಮಗೂ ಹೇಳುತ್ತೇನೆ. ತೀವ್ರ ರೋಟಾ ಭೇದಿಯನ್ನು ತಡೆಯುವುದರಲ್ಲಿ ರೋಟಾರಿಕ್ಸ್ ಲಸಿಕೆ ದಕ್ಷಿಣ ಆಫ್ರಿಕದಲ್ಲಿ ಶೇಕಡಾ 77ರಷ್ಟೂ ಮಲಾವಿಯಲ್ಲಿ ಶೇಕಡಾ 49ರಷ್ಟೂ ಸಫಲವಾಯಿತೆಂದು 2010ರಲ್ಲಿ ಪ್ರಕಟವಾಯಿತು. ಇಷ್ಟನ್ನೇ ಓದಿದವರು, ಮಲಾವಿಯಲ್ಲಿ ಲಸಿಕೆ ಸೋತಿತು ಎನ್ನುತ್ತಾರೆ. ಆದರೆ ಅದೇ ವರದಿಯಲ್ಲಿ ಇನ್ನೊಂದು ಸಾಲು ಇತ್ತು. 100 ಶಿಶುಗಳಿಗೆ ಲಸಿಕೆ ಹಾಕಿದರೆ ದಕ್ಷಿಣ ಆಫ್ರಿಕದಲ್ಲಿ ವರ್ಷಕ್ಕೆ 4.2 ತೀವ್ರ ಭೇದಿಯ ಪ್ರಕರಣಗಳು ತಪ್ಪಿದವು. ಮಲಾವಿಯಲ್ಲಿ ತಪ್ಪಿದ್ದು 6.7. ರೋಗ ಹೆಚ್ಚಿರುವ ಕಡೆ ಅರ್ಧ ಸಫಲವಾದ ಲಸಿಕೆಯೂ ಹೆಚ್ಚು ತಾಯಂದಿರ ಮಡಿಲನ್ನು ಕಾಯುತ್ತದೆ. ಬರಗಾಲದಲ್ಲಿ ಅರ್ಧ ಸೇರು ಅಕ್ಕಿಗೆ ಇರುವ ಬೆಲೆ ಸುಗ್ಗಿಯ ಕಾಲದಲ್ಲಿ ಒಂದು ಸೇರಿಗೆ ಇಲ್ಲ.

ಈ ಕಥೆಯಲ್ಲಿ ನಮ್ಮ ಬೆಂಗಳೂರಿಗೂ ಒಂದು ಪಾತ್ರವಿದೆ. 1980ರ ದಶಕದ ಕೊನೆಯಲ್ಲಿ ಇಲ್ಲಿನ ಹೆರಿಗೆ ಆಸ್ಪತ್ರೆಗಳ ನವಜಾತ ಶಿಶುಗಳಲ್ಲಿ ಒಂದು ವಿಚಿತ್ರ ರೋಟಾ ಕಾಣಿಸಿತು. ಅದು ಕರುಳಿನಲ್ಲಿತ್ತು, ಆದರೆ ಕೂಸುಗಳಿಗೆ ಭೇದಿಯೇ ಇರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾರಾವ್ ಮತ್ತು ಅವರ ಸಂಗಡಿಗರು ಅದನ್ನು ಪರಿಶೀಲಿಸಿದರು. ಐ 321 ಎಂದು ಹೆಸರಾದ ಆ ವೈರಾಣುವಿನ ಹೊರಮೈಯ ಪ್ರೋಟೀನುಗಳು ದನಗಳ ರೋಟಾದವುಗಳನ್ನು ಹೋಲುತ್ತಿದ್ದವು. ರೋಟಾದ ವಂಶವಾಹಿಗಳು ಹನ್ನೊಂದು ಬಿಡಿ ತುಂಡುಗಳಲ್ಲಿರುತ್ತವೆ, ಹನ್ನೊಂದು ಓಲೆಗಳ ಒಂದು ಕಟ್ಟಿನಂತೆ. ಎರಡು ವೈರಾಣುಗಳು ಒಂದೇ ಕರುಳಿನಲ್ಲಿ ಸೇರಿದರೆ, ದಾರ ಕಿತ್ತುಹೋದ ಎರಡು ಕಟ್ಟುಗಳ ಹಾಗೆ ಓಲೆಗಳು ಕಲೆತುಹೋಗುತ್ತವೆ. ದನದ ರೋಟಾವೂ ಮನುಷ್ಯನ ರೋಟಾವೂ ಹೀಗೆ ಕಲೆತು ಹುಟ್ಟಿದ ಪ್ರತಿ ಅದು. ಹೆಚ್ಚುಕಡಿಮೆ ಅದೇ ಕಾಲದಲ್ಲಿ ದೆಹಲಿಯ ನವಜಾತ ಶಿಶುಗಳಲ್ಲಿ ಎಂ. ಕೆ. ಭಾನ್ ಅವರ ತಂಡಕ್ಕೆ ಇಂಥದೇ ಇನ್ನೊಂದು ವೈರಾಣು ದೊರಕಿತು. ಅದಕ್ಕೆ 116ಇ ಎಂದು ಹೆಸರು. ಎರಡರ ಕೈಗಳೂ ಪಿ-11 ಜಾತಿಯವು. ರೋಗ ತಾರದೆ ಒಳಗೆ ಬರುವ ಇಂಥ ಅತಿಥಿಗಳೇ ಲಸಿಕೆಯಾಗಬಾರದೇಕೆ ಎಂದು ಎರಡನ್ನೂ ಶಿಶುಗಳಲ್ಲಿ ಪರೀಕ್ಷಿಸಿದರು. ಬೆಂಗಳೂರಿನ ವೈರಾಣು ಸಾಕಷ್ಟು ಪ್ರತಿಕ್ರಿಯೆ ಹುಟ್ಟಿಸಲಿಲ್ಲ. ದೆಹಲಿಯದು ಗೆದ್ದು ರೋಟಾವ್ಯಾಕ್ ಎಂಬ ಭಾರತೀಯ ಲಸಿಕೆಯಾಯಿತು. 2016ರಲ್ಲಿ ನಾಲ್ಕು ರಾಜ್ಯಗಳಲ್ಲಿ ಸರ್ಕಾರದ ಲಸಿಕೆ ಕಾರ್ಯಕ್ರಮಕ್ಕೆ ಸೇರಿದ ರೋಟಾ ಲಸಿಕೆ 2019ರ ಹೊತ್ತಿಗೆ ದೇಶದಾದ್ಯಂತ ಹಬ್ಬಿತು.

ಪಿ-11 ಜಾತಿಯ ಕೈಗಳು ಸ್ರಾವಿ ಅಸ್ರಾವಿ ಎಂದು ಭೇದ ಮಾಡುವ ಸರದ ತುದಿಯನ್ನು ಹುಡುಕುವುದಿಲ್ಲ. ತುದಿಯ ಅಲಂಕಾರ ಸೇರುವ ಮೊದಲಿನ ಬರಿಯ ಸರವನ್ನೇ ಹಿಡಿಯುತ್ತವೆ ಎಂದು ವೆಲ್ಲೂರಿನ ಶಿಶುಗಳಲ್ಲಿ ಸಿಕ್ಕ ಇದೇ ಜಾತಿಯ ವೈರಾಣುವಿನ ಅಧ್ಯಯನದಿಂದ 2013ರಲ್ಲಿ ತಿಳಿಯಿತು. ಹಾಗಿದ್ದರೆ ಭಾರತೀಯ ಲಸಿಕೆ ಎಲ್ಲ ಮಕ್ಕಳಲ್ಲೂ ಸಮನಾಗಿ ಫಲಿಸಬೇಕಲ್ಲವೆ? ಆದರೆ 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಅದರ ಸಫಲತೆಯೂ ತೀವ್ರ ಭೇದಿಯ ವಿರುದ್ಧ ಶೇಕಡಾ 55ರ ಆಸುಪಾಸಿನಲ್ಲೇ ನಿಂತಿತು. ಎಂದ ಮೇಲೆ ಎಲ್ಲವನ್ನೂ ವಂಶವಾಹಿಯ ತಲೆಗೆ ಕಟ್ಟುವಂತಿಲ್ಲ. ಇಲ್ಲಿ ನಾವು ಎಚ್ಚರ ತಪ್ಪಬಾರದು. ಹಣೆಬರಹ ಎನ್ನುತ್ತಿದ್ದ ಬಾಯಲ್ಲಿ ವಂಶವಾಹಿ ಎಂಬ ಪದವನ್ನು ಇಟ್ಟುಕೊಂಡರೆ ಜ್ಞಾನ ಬೆಳೆದಂತಾಗುವುದಿಲ್ಲ.

ಬಾಯಿಗೆ ಹಾಕುವ ಲಸಿಕೆ ಬಡ ದೇಶಗಳಲ್ಲಿ ಕಡಿಮೆ ಫಲ ಕೊಡುತ್ತದೆಂಬುದು ಹೊಸ ಸಂಗತಿಯೂ ಅಲ್ಲ. ವೆಲ್ಲೂರಿನ ಟಿ. ಜೇಕಬ್ ಜಾನ್ ಅವರು ಪೋಲಿಯೊ ಹನಿಗಳ ವಿಷಯದಲ್ಲಿ ಇದನ್ನು 1972ರಲ್ಲಿಯೇ ತೋರಿಸಿದ್ದರು. ಕಾರಣಗಳು ಹಲವು. ಗರ್ಭದಲ್ಲಿದ್ದಾಗಲೇ ತಾಯಿಯಿಂದ ಮಗುವಿಗೆ ಬಂದ ರಕ್ಷಕ ಪ್ರೋಟೀನುಗಳು ಲಸಿಕೆಯ ವೈರಾಣುವನ್ನೂ ಶತ್ರುವೆಂದು ತಡೆಯುತ್ತವೆ. ಮಲಿನ ನೀರು, ಪದೇ ಪದೇ ಬರುವ ಸೋಂಕು, ಅರೆಹೊಟ್ಟೆ ಇವುಗಳಿಂದ ಕರುಳಿನ ಒಳಪದರ ಸವೆದಿರುತ್ತದೆ. ಕರುಳಿನಲ್ಲಿ ನೆಲೆಸಿರುವ ಅಣುಜೀವಿಗಳ ಪರಿವಾರವೂ ಊರಿಂದ ಊರಿಗೆ ಬೇರೆ. ವಂಶವಾಹಿ ಇವೆಲ್ಲದರ ಜೊತೆಗಿರುವ ಒಂದು ಎಳೆ. ನಾವು ಇತ್ತೀಚಿನವರೆಗೆ ಗಮನಿಸದೆ ಬಿಟ್ಟಿದ್ದ ಎಳೆ.

ಎದೆಹಾಲಿನ ವಿಷಯ? ನನಗೆ ಬಹಳ ಬೇಕಾಗಿದ್ದ ಉತ್ತರ ಅದೇ. ಹಾಲಿನಲ್ಲೂ ರಕ್ಷಕ ಪ್ರೋಟೀನುಗಳೂ ಸಕ್ಕರೆಯ ಸರಗಳೂ ಇವೆ. ಅವು ಲಸಿಕೆಗೆ ಅಡ್ಡಬರಬಹುದೆಂಬ ಸಂಶಯ ವಿಜ್ಞಾನಿಗಳಿಗೂ ಇತ್ತು. ಅದಕ್ಕೆಂದೇ ದಕ್ಷಿಣ ಆಫ್ರಿಕದಲ್ಲೂ ಭಾರತದಲ್ಲೂ, ಲಸಿಕೆ ಹಾಕುವ ಹೊತ್ತಿಗೆ ಮುಂಚೆ ಮತ್ತು ಅನಂತರ ಸ್ವಲ್ಪ ಕಾಲ ಹಾಲು ಕುಡಿಸದೆ ನೋಡಿದರು. 2014ರಲ್ಲಿ ಪ್ರಕಟವಾದ ಫಲಿತಾಂಶ ಎರಡು ಕಡೆಯೂ ಒಂದೇ: ಹಾಗೆ ತಡೆದದ್ದರಿಂದ ಏನೂ ಲಾಭವಾಗಲಿಲ್ಲ. ಇದನ್ನು ಓದಿದ ದಿನ ನಾನು ಸೊಸೆಯನ್ನು ಕರೆದು ಹೇಳಿದೆ: “ನೋಡಮ್ಮ, ನೀನು ಹಾಲು ಕುಡಿಸಿದ್ದು ತಪ್ಪಲ್ಲ. ಕುಡಿಸದೇ ಇದ್ದಿದ್ದರೂ ಇದೇ ಆಗುತ್ತಿತ್ತು.” ಅವಳು ಏನೂ ಹೇಳಲಿಲ್ಲ. ಆದರೆ ಅಲ್ಲಿಂದಾಚೆಗೆ ಆ ಮಾತನ್ನು ಮತ್ತೆ ಎತ್ತಲಿಲ್ಲ.

ನನ್ನ ಮೊಮ್ಮಗಳು ಸ್ರಾವಿಯೋ ಅಸ್ರಾವಿಯೋ ನಾನು ಕೇಳಿಲ್ಲ. ಕೇಳುವ ಅಗತ್ಯವೂ ಇಲ್ಲ. ಪ್ರತಿ ಕೂಸಿನ ವಂಶವಾಹಿಯನ್ನು ಓದಿ ಲಸಿಕೆ ಕೊಡುವುದು ಈ ತಿಳಿವಳಿಕೆಯ ಗುರಿಯಲ್ಲ. ಎಲ್ಲ ಪಾಠಾಂತರಗಳಿಗೂ ಹೊಂದುವ ಲಸಿಕೆಯನ್ನು ಕಟ್ಟುವುದು ಗುರಿ. ಆ ದಾರಿಯಲ್ಲಿ ಒಂದು ಹೆಜ್ಜೆ ಆಗಿದೆ. 1970ರ ದಶಕದಲ್ಲಿ ಮೆಲ್ಬರ್ನಿನ ನವಜಾತ ಶಿಶುಗಳಲ್ಲಿ ರೂತ್ ಬಿಷಪ್ ಅವರ ತಂಡ ಗುರುತಿಸಿದ್ದ, ರೋಗ ತಾರದ ಪಿ-6 ಜಾತಿಯ ವೈರಾಣುವಿನಿಂದ ಹೊಸ ಲಸಿಕೆಯೊಂದನ್ನು ಸಿದ್ಧಪಡಿಸಿ ಇಂಡೊನೇಷ್ಯದಲ್ಲಿ ಪರೀಕ್ಷಿಸಿದರು. ಮೊದಲ ಹನಿಯನ್ನು ಕೂಸು ಹುಟ್ಟಿದ ಐದು ದಿನದೊಳಗೇ ಕೊಟ್ಟದ್ದು ಇದರ ವಿಶೇಷ. ಹದಿನೆಂಟು ತಿಂಗಳವರೆಗೆ ಶೇಕಡಾ 75ರಷ್ಟು ರಕ್ಷಣೆ ದೊರೆಯಿತೆಂದು 2018ರಲ್ಲಿ ಪ್ರಕಟವಾಯಿತು.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದೇನು ಕಡಿಮೆಯಲ್ಲ. ಈಗಿರುವ ಲಸಿಕೆಯನ್ನು ಹೊತ್ತಿಗೆ ಸರಿಯಾಗಿ ಹಾಕಿಸಬೇಕು. ಆದರೂ ಭೇದಿ ಬಂದರೆ ಉಪ್ಪುಸಕ್ಕರೆಯ ಓ.ಆರ್.ಎಸ್. ನೀರನ್ನು ಗುಟುಕು ಗುಟುಕಾಗಿ ಕುಡಿಸಬೇಕು, ಎದೆಹಾಲು ನಿಲ್ಲಿಸಬಾರದು, ತಡಮಾಡದೆ ವೈದ್ಯರ ಬಳಿ ಹೋಗಬೇಕು. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಾಲನಾಬಿಸ್ ಅವರು ಈ ನೀರಿನ ಬಲದಿಂದಲೇ ಕಾಲರಾ ರೋಗಿಗಳನ್ನು ಉಳಿಸಿದರು. ಯಾವ ಬಾಗಿಲಿನಿಂದ ಕಳ್ಳ ಬಂದಿದ್ದರೂ ಕಳೆದುಕೊಂಡ ನೀರನ್ನು ತುಂಬಿಕೊಡುವುದಕ್ಕೆ ಪಾಠಾಂತರದ ತೊಡಕಿಲ್ಲ. ನೆರೆಮನೆಯಾಕೆ ಕಡೆಗೆ ತನ್ನ ಕೂಸಿಗೆ ಲಸಿಕೆ ಹಾಕಿಸಿದರು ಎಂಬುದನ್ನೂ ಹೇಳಿಬಿಡುತ್ತೇನೆ.

ಗ್ರಂಥಸಂಪಾದನೆಯ ಪಾಠ ಹೇಳುವಾಗ ನಾನು ವಿದ್ಯಾರ್ಥಿಗಳಿಗೆ ಒಂದು ಮಾತನ್ನು ಒತ್ತಿ ಹೇಳುತ್ತಿದ್ದೆ: ಪಾಠಾಂತರವೆಲ್ಲ ತಪ್ಪಲ್ಲ, ಒಂದೊಂದು ಪ್ರತಿಗೂ ಅದರದೇ ಒಂದು ಪರಂಪರೆಯಿರುತ್ತದೆ ಎಂದು. ಮಕ್ಕಳ ಕರುಳಿನ ವಿಷಯದಲ್ಲೂ ಅದೇ ಸತ್ಯ. ಒಂದು ರೋಗಕ್ಕೆ ಬಾಗಿಲು ಮುಚ್ಚಿದ ಮೈ ಇನ್ನೊಂದಕ್ಕೆ ತೆರೆದಿರಬಹುದು. ಅದರಲ್ಲಿ ಮಗುವಿನ ದೋಷವಿಲ್ಲ, ಹೆತ್ತವರ ದೋಷವೂ ಇಲ್ಲ. ಈ ಮಾತನ್ನು ಹೇಳಬೇಕಾದವರಲ್ಲಿ ಮೊದಲನೆಯವರು ನನ್ನ ತಾಯಿ. ಅವರ ಕೂಸಿಗೆ ಬಂದ ರೋಗ ಯಾವುದಾದರೂ ಆಗಿರಲಿ, ಹಾಲು ವಿಷವಾಗಿರಲಿಲ್ಲ, ಬೇಕಾಗಿದ್ದುದು ನೀರು. ಅವರು ಇದ್ದಾಗ ನನಗೆ ಇದು ತಿಳಿದಿರಲಿಲ್ಲ. ತಿಳಿದಾಗ ಕೇಳಲು ಅವರಿರಲಿಲ್ಲ. ಅದಕ್ಕಾಗಿ ಇಂದು ನಿಮಗೆ ಹೇಳಿದ್ದೇನೆ.